ಹಿಂಜರಿತದ ಕಾಲದಲ್ಲಿ ವಾಣಿಜ್ಯ ಮೇಳ: ಉಳಿತಾಯವೋ, ನಷ್ಟವೋ?

ವ್ಯಾಪಾರ ಕುಗ್ಗಿದಾಗ ವರ್ತಕರು ಮೊದಲು ಕತ್ತರಿ ಹಾಕುವುದು ಪ್ರವಾಸದ ಖರ್ಚಿಗೆ. ಇರುವ ಸರಕೇ ಸಾಗದಿರುವಾಗ ಯಂತ್ರೋಪಕರಣಗಳ ಪ್ರದರ್ಶನ ನೋಡಲು ದೂರದೂರಿಗೆ ಹೋಗುವುದು ದುಂದುವೆಚ್ಚವೆಂಬ ಭಾವನೆ ಸಹಜವೇ. ಆದರೆ ಹೀಗೆ ಉಳಿಸಿದ ಹಣ ನಿಜಕ್ಕೂ ಉಳಿಯುತ್ತದೆಯೇ ಎಂಬುದು ಪರಾಮರ್ಶಿಸಬೇಕಾದ ವಿಷಯ. ಪ್ರಸಾರ ತಂತ್ರಜ್ಞಾನ ಕ್ಷೇತ್ರದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

2008ರ ಸೆಪ್ಟೆಂಬರ್‌ನಲ್ಲಿ ಲೇಹ್ಮನ್ ಬ್ರದರ್ಸ್ ದಿವಾಳಿಯಾದ ನಂತರ ಹಿಂಜರಿತ ಜಗತ್ತನ್ನೇ ಆವರಿಸಿತು. ಅಮೆರಿಕದ ಪ್ರಸಾರಕರ ರಾಷ್ಟ್ರೀಯ ಸಂಘವು ಲಾಸ್ ವೇಗಸ್‌ನಲ್ಲಿ ನಡೆಸುವ ಪ್ರಸಿದ್ಧ ಪ್ರದರ್ಶನಕ್ಕೆ 2008ರಲ್ಲಿ ಒಂದು ಲಕ್ಷಕ್ಕೂ ಅಧಿಕ ಜನ ಬಂದಿದ್ದರೆ, 2009ರ ಏಪ್ರಿಲ್‌ನಲ್ಲಿ ಆ ಸಂಖ್ಯೆ 84 ಸಾವಿರದ ಆಸುಪಾಸಿಗೆ ಇಳಿಯಿತು. ಭಾರತದಲ್ಲಿಯೂ ರಿಸರ್ವ್ ಬ್ಯಾಂಕು ರೆಪೊ ದರವನ್ನು ಕೆಲವೇ ತಿಂಗಳುಗಳಲ್ಲಿ ಶೇ. 9ರಿಂದ ಶೇ. 4.75ಕ್ಕೆ ಇಳಿಸಬೇಕಾಯಿತು.

ಆದರೆ ಮಾರುಕಟ್ಟೆ ಮಲಗಿತೆಂದು ತಂತ್ರಜ್ಞಾನ ಮಲಗಲಿಲ್ಲ. ಅದೇ 2009ರ ಜೂನ್ 12ರಂದು ಅಮೆರಿಕದ ಪೂರ್ಣಶಕ್ತಿ ದೂರದರ್ಶನ ಕೇಂದ್ರಗಳು ಅನಲಾಗ್ ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್‌ಗೆ ಬದಲಾದವು. ಭಾರತದಲ್ಲಿ ಚೆನ್ನೈ ಹಾಗೂ ಇತರ ಮೂರು ಮಹಾನಗರಗಳ ಕೆಲವು ಭಾಗಗಳಿಗೆ ಸೆಟ್‌ಟಾಪ್ ಬಾಕ್ಸ್ ಅದಕ್ಕೂ ಮುನ್ನವೇ ಬಂದಿತ್ತು. 2011ರಲ್ಲಿ ಕೇಬಲ್ ದೂರದರ್ಶನ ಜಾಲಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಮೈಸೂರಿಗೆ 2013ರ ಮಾರ್ಚ್ 31, ಕೇವಲ 60 ಕಿ.ಮೀ. ದೂರದ ಗುಂಡ್ಲುಪೇಟೆಯಂತಹ ಪಟ್ಟಣಗಳಿಗೆ 2015ರ ಡಿಸೆಂಬರ್ 31 ಗಡುವಾಯಿತು.

ಈಗ ಲೆಕ್ಕವನ್ನು ನೋಡೋಣ. ಸಣ್ಣ ಪಟ್ಟಣದ ಕೇಬಲ್ ನಿರ್ವಾಹಕರೊಬ್ಬರು 2009ರ ಮೇ ತಿಂಗಳಿನಲ್ಲಿ, ಅಗ್ಗವೆಂದು, ಒಂದು ಲಕ್ಷ ರೂಪಾಯಿಗೆ ಅನಲಾಗ್ ಉಪಕರಣ ಖರೀದಿಸಿದ್ದರೆಂದು ಭಾವಿಸೋಣ. ಆದಾಯ ತೆರಿಗೆ ನಿಯಮದಂತೆ ಇಂತಹ ಯಂತ್ರಕ್ಕೆ ಇಳಿಮುಖ ಮೌಲ್ಯ ಪದ್ಧತಿಯಲ್ಲಿ ಶೇ. 15 ಸವಕಳಿ. ಆರು ವರ್ಷಗಳ ಬಳಿಕ, 2015ರ ಮಾರ್ಚ್ 31ರಂದು, ಪುಸ್ತಕದಲ್ಲಿ ಇನ್ನೂ ಸುಮಾರು 37,700 ರೂಪಾಯಿ ಉಳಿದಿರುತ್ತದೆ. ಒಂಬತ್ತೇ ತಿಂಗಳಲ್ಲಿ ಅದೇ ಯಂತ್ರ ಗುಜರಿ ಸಾಮಾನು! ಲೆಕ್ಕಪುಸ್ತಕದಲ್ಲಿ ಜೀವಂತವಾಗಿರುವ ಆಸ್ತಿ ಅಂಗಡಿಯಲ್ಲಿ ಸತ್ತಿರಬಹುದು ಎಂಬ ಎಚ್ಚರವನ್ನು ಸವಕಳಿ ದರ ಕೊಡುವುದಿಲ್ಲ. ಕಣ್ಣಾರೆ ನೋಡಿ ಬರುವುದು ಕೊಡುತ್ತದೆ.

ಸಾಲದ ಬಡ್ಡಿ ಕಟ್ಟಲೇ ಪರದಾಡುವವರಿಗೆ ಮೇಳದ ಮಾತು ಅಪಥ್ಯವೆನಿಸಬಹುದು. ಮಳಿಗೆಗಳ ಆಕರ್ಷಣೆಗೆ ಒಳಗಾಗಿ ಬೇಡದ್ದನ್ನು ಕೊಂಡು ಬರುವ ಅಪಾಯವೂ ಉಂಟು. ಆದುದರಿಂದಲೇ ಹಿಂಜರಿತದಲ್ಲಿ ಮೇಳಕ್ಕೆ ಹೋಗಬೇಕಾದದ್ದು ಕೊಳ್ಳಲು ಅಲ್ಲ, ಕೇಳಲು. ಜನಸಂದಣಿ ಕಡಿಮೆಯಿರುವ ವರ್ಷದಲ್ಲಿ ಮಾರಾಟಗಾರನಿಗೆ ಸಣ್ಣ ಗಿರಾಕಿಯೊಡನೆ ಮಾತನಾಡುವ ವ್ಯವಧಾನವಿರುತ್ತದೆ. ಬಿಡಿಭಾಗಗಳು ಇನ್ನೆಷ್ಟು ವರ್ಷ ದೊರೆಯುತ್ತವೆ, ಈ ಮಾದರಿಯ ತಯಾರಿಕೆ ಮುಂದುವರಿಯುವುದೇ, ರಿಯಾಯಿತಿ ಹೊಸ ಸರಕಿಗೋ ಹಳೆಯ ದಾಸ್ತಾನಿಗೋ ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಬೇಕು. ಮುಂಗಡ ಹಣವನ್ನು ಮೇಳದಲ್ಲಿ ಕೊಡಲೇಬಾರದು. ಊರಿಗೆ ಮರಳಿ, ಲೆಕ್ಕ ಹಾಕಿದ ಮೇಲೆಯೇ ತೀರ್ಮಾನ.

ಈ ಮಾತು ಕೇಬಲ್ ನಿರ್ವಾಹಕರಿಗೆ ಮಾತ್ರ ಸೀಮಿತವಲ್ಲ. ಚಾಮರಾಜನಗರ ಜಿಲ್ಲೆಯ ಕರಿಕಲ್ಲು, ರೇಷ್ಮೆ, ಅರಿಶಿನ ಉದ್ದಿಮೆಗಳವರಿಗೂ ಅನ್ವಯಿಸುತ್ತದೆ. ಒಬ್ಬೊಬ್ಬರಿಗೆ ಖರ್ಚು ಹೊರೆಯಾದರೆ ನಾಲ್ಕೈದು ವರ್ತಕರು ಸೇರಿ ಒಬ್ಬರನ್ನು ಕಳುಹಿಸಿ, ಅವರು ತಂದ ಮಾಹಿತಿಯನ್ನು ಸಂಘದ ಸಭೆಯಲ್ಲಿ ಹಂಚಿಕೊಳ್ಳಬಹುದು. ಪ್ರಯಾಣದ ರಸೀದಿಗಳನ್ನು ಜೋಪಾನವಾಗಿಟ್ಟರೆ, ವ್ಯವಹಾರಕ್ಕೆಂದೇ ಮಾಡಿದ ಈ ವೆಚ್ಚ ಲೆಕ್ಕದಲ್ಲಿಯೂ ಸಲ್ಲುತ್ತದೆ.

ಮೇಳಕ್ಕೆ ಹೋಗದೆ ಉಳಿಸಿದ್ದು ಕೆಲವು ಸಾವಿರ. ತಿಳಿಯದೆ ಕೊಂಡು ಕಳೆದುಕೊಳ್ಳುವುದು ಲಕ್ಷ. ಇವೆರಡರಲ್ಲಿ ಯಾವುದು ದುಬಾರಿ ಎಂಬುದನ್ನು ವರ್ತಕ ಬಾಂಧವರೇ ನಿರ್ಧರಿಸಲಿ.