ಐದು ದಿನದ ಹಡಗು, ನಮ್ಮ ಶುಕ್ರವಾರ

ಡೆಡ್‌ಲೈನ್ ಹತ್ರ ಬಂದಾಗೆಲ್ಲ ನಮ್ಮ ಮ್ಯಾನೇಜರ್‌ದು ಒಂದೇ ಕಥೆ: 1942ರಲ್ಲಿ ಅಮೆರಿಕದ ಹೆನ್ರಿ ಕೈಸರ್ ಕಂಪನಿ ರಿಚ್ಮಂಡ್‌ನಲ್ಲಿ 'ರಾಬರ್ಟ್ ಇ. ಪಿಯರಿ' ಹಡಗನ್ನು 5 ದಿನದೊಳಗೆ ಕಟ್ಟಿ ನೀರಿಗಿಳಿಸಿತು. ನಿಜ. ಆದ್ರೆ ದೊಡ್ಡ ದೊಡ್ಡ ಭಾಗಗಳನ್ನು ಮೊದಲೇ ಬೆಸೆದು ಸಿದ್ಧ ಮಾಡಿಟ್ಟಿದ್ದರು ಅನ್ನೋದನ್ನ ಅವರು ಹೇಳಲ್ಲ.

ಎರಡೇ ತಿಂಗಳಲ್ಲಿ, 1943ರ ಜನವರಿಯಲ್ಲಿ, ಕೈಸರ್‌ನದೇ ಪೋರ್ಟ್‌ಲ್ಯಾಂಡ್ ಯಾರ್ಡ್ ಕಟ್ಟಿದ 'ಸ್ಕೆನೆಕ್ಟಡಿ' ಟ್ಯಾಂಕರ್, ಅಲೆಯಿಲ್ಲದ ನೀರಲ್ಲಿ ನಿಂತಲ್ಲೇ ನಡು ಮುರಿದುಕೊಂಡಿತು. ಚಳಿಗೆ ಪೆಡಸಾಗುವ ಉಕ್ಕು, ಕಳಪೆ ಬೆಸುಗೆ. ಇದನ್ನೂ ಅವರು ಹೇಳಲ್ಲ.

ಜರ್ಮನಿಯ ಸಬ್‌ಮರೀನ್‌ಗಳು ಹಡಗುಗಳನ್ನ ಮುಳುಗಿಸ್ತಾ ಇದ್ದವು. ಆ ಆತುರಕ್ಕೊಂದು ಅರ್ಥ ಇತ್ತು. ನಮ್ಮ ಶುಕ್ರವಾರದ ರಿಲೀಸ್‌ಗೆ ಯಾವ ಯುದ್ಧ ಸ್ವಾಮಿ? ಟೆಸ್ಟಿಂಗ್‌ಗೆ ಎರಡು ದಿನ ಕೊಡಿ. ಇಲ್ಲಾಂದ್ರೆ ರಾತ್ರಿ ಎರಡು ಗಂಟೆಗೆ ಎದ್ದು ಬಿರುಕಿಗೆ ತೇಪೆ ಹಾಕೋರು ನಾವೇ, ನೀವಲ್ಲ.