ಬಾಗಿಲಲ್ಲಿ ಡೋಡೋ ನಿಲ್ಲಿಸಿದ ಮನುಷ್ಯ

ಮೃಗಾಲಯಕ್ಕೆ ಹೋದ ಮಕ್ಕಳು ಮೊದಲು ಕೇಳುವುದು ಆನೆ ಎಲ್ಲಿ, ಜಿರಾಫೆ ಎಲ್ಲಿ ಎಂದು. ಇಂಗ್ಲಿಷ್ ಕಾಲುವೆಯ ಜೆರ್ಸಿ ಎಂಬ ಪುಟ್ಟ ದ್ವೀಪದ ಮೃಗಾಲಯದಲ್ಲಿ ಇವೆರಡೂ ಇಲ್ಲ. ಅಲ್ಲಿ ಪ್ರವೇಶದ್ವಾರದಲ್ಲೇ ಎದುರಾಗುವುದು ಕಲ್ಲಿನಲ್ಲಿ ಕಡೆದ ಡೋಡೋ ಹಕ್ಕಿ. ಹಾರಲಾರದ ಈ ದಡೂತಿ ಹಕ್ಕಿ ಮಾರಿಷಸ್ ದ್ವೀಪದಲ್ಲಷ್ಟೇ ಇತ್ತು. ಡಚ್ ನಾವಿಕರು 1598ರಲ್ಲಿ ಅಲ್ಲಿ ಇಳಿದ ಮೇಲೆ ನೂರು ವರ್ಷ ತುಂಬುವ ಮೊದಲೇ ಅದರ ಸಂತತಿ ನಿರ್ನಾಮವಾಯಿತು. ಸತ್ತುಹೋದ ಹಕ್ಕಿಯನ್ನು ತನ್ನ ಮೃಗಾಲಯದ ಲಾಂಛನವನ್ನಾಗಿ ಆರಿಸಿಕೊಂಡವರು ಜೆರಾಲ್ಡ್ ಡರೆಲ್. ಮತ್ತೊಂದು ಪ್ರಾಣಿಗೆ ಈ ಗತಿ ಬರಬಾರದು ಎಂಬ ಹಟ ಅವರದು.

ಡರೆಲ್ ಹುಟ್ಟಿದ್ದು ಭಾರತದಲ್ಲಿ, ಉಕ್ಕಿನ ಊರು ಜಮ್‌ಶೆಡ್‌ಪುರದಲ್ಲಿ, 1925ರ ಜನವರಿ 7ರಂದು. ತಂದೆ ಎಂಜಿನಿಯರು. ಮಗು ಮೊದಲು ಉಚ್ಚರಿಸಿದ ಸ್ಪಷ್ಟ ಪದ 'ಅಮ್ಮ' ಅಲ್ಲ, 'ಜೂ' ಎಂದು ತಾಯಿ ಲೂಯಿಸಾ ಹೇಳುತ್ತಿದ್ದರಂತೆ. ಆಯಾ ಕೈ ಹಿಡಿದು ಪುಟ್ಟ ಮೃಗಾಲಯವೊಂದಕ್ಕೆ ಕರೆದೊಯ್ಯುತ್ತಿದ್ದಳು, ಅಲ್ಲಿಂದ ಮನೆಗೆ ಬರಲು ಮಗು ಒಪ್ಪುತ್ತಿರಲಿಲ್ಲ. ತಾಯಂದಿರ ಇಂಥ ಮಾತುಗಳಲ್ಲಿ ಸ್ವಲ್ಪ ಉಪ್ಪುಖಾರ ಬೆರೆತಿರುವುದುಂಟು, ಇರಲಿ. ಮಗುವಿಗೆ ಮೂರು ವರ್ಷ ತುಂಬಿದ ವರ್ಷವೇ, ಅಂದರೆ 1928ರಲ್ಲಿ, ತಂದೆ ತೀರಿಕೊಂಡರು. ಆಮೇಲೆ ತಾಯಿ ಮಗುವನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದರು.

ಅಲ್ಲಿ ಶಾಲೆ ಎಂಬುದು ಹುಡುಗನಿಗೆ ಶಿಕ್ಷೆಯಾಯಿತು. ಹೆಡ್‌ಮಾಸ್ತರರು ಬೆತ್ತ ಎತ್ತಿದ ಮೇಲೆ ತಾಯಿ ಅವನನ್ನು ಶಾಲೆ ಬಿಡಿಸಿಯೇಬಿಟ್ಟರು. 1935ರಲ್ಲಿ ಇಡೀ ಕುಟುಂಬ ಗ್ರೀಸಿನ ಕಾರ್ಫು ದ್ವೀಪಕ್ಕೆ ಗುಳೆ ಹೊರಟಿತು. ಮುಂದೆ ದೊಡ್ಡ ಕಾದಂಬರಿಕಾರರೆನಿಸಿದ ಹಿರಿಯಣ್ಣ ಲಾರೆನ್ಸ್‌ನ ಒತ್ತಾಯ ಅದಕ್ಕೆ ಕಾರಣ. ಆಗ ಜೆರಾಲ್ಡನಿಗೆ ಹತ್ತು ವರ್ಷ. ಶಾಲೆಯಿಲ್ಲ, ಪರೀಕ್ಷೆಯಿಲ್ಲ. ಮನೆಗೆ ಬಂದು ಪಾಠ ಹೇಳಿದ ಮೇಷ್ಟರುಗಳು ಒಬ್ಬರಾದ ಮೇಲೊಬ್ಬರು ಬದಲಾದರು. ಉಳಿದಂತೆ ಆಲಿವ್ ತೋಪು, ಕಡಲದಂಡೆ, ಕಲ್ಲುಸಂದಿಗಳಲ್ಲೇ ಹುಡುಗನ ದಿನ ಕಳೆಯುತ್ತಿತ್ತು. ಆಮೆ, ಹಾವು, ಗೂಬೆಮರಿ, ಚೇಳು ಎಲ್ಲವೂ ಮನೆಯೊಳಗೆ ಬಂದವು. ಮರಿಗಳನ್ನು ಬೆನ್ನ ಮೇಲೆ ಹೊತ್ತ ಚೇಳೊಂದನ್ನು ಅವನು ಬೆಂಕಿಪೊಟ್ಟಣದಲ್ಲಿಟ್ಟಿದ್ದ. ಊಟದ ಮೇಜಿನಲ್ಲಿ ಅಣ್ಣ ಸಿಗರೇಟು ಹಚ್ಚಲು ಅದೇ ಪೊಟ್ಟಣ ತೆರೆದ ಪ್ರಸಂಗ ಡರೆಲ್ ಪುಸ್ತಕ ಓದಿದವರಿಗೆಲ್ಲ ನೆನಪಿರುತ್ತದೆ.

ಬರೀ ಅಲೆದಾಟವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಥಿಯೊಡೋರ್ ಸ್ಟೆಫನೈಡಿಸ್ ಎಂಬ ವೈದ್ಯರು ಆ ಹುಡುಗನಿಗೆ ದೊರೆತದ್ದು ಅದೃಷ್ಟ. ಅವರು ವೈದ್ಯರಷ್ಟೇ ಅಲ್ಲ, ಜೀವವಿಜ್ಞಾನಿ, ಕವಿ ಕೂಡ. ಹತ್ತು ವರ್ಷದ ಹುಡುಗನನ್ನು ಸಮಾನ ವಯಸ್ಕನಂತೆ ನಡೆಸಿಕೊಂಡು, ಅವನ ಪ್ರಶ್ನೆಗಳಿಗೆ ಗಂಭೀರವಾಗಿ ಉತ್ತರಿಸಿ, ಕಿಸೆಯಲ್ಲಿಡುವ ಸೂಕ್ಷ್ಮದರ್ಶಕವೊಂದನ್ನು ಉಡುಗೊರೆ ಕೊಟ್ಟರು. ಕಂಡದ್ದನ್ನು ಬರೆದಿಡಬೇಕು, ಅಳೆಯಬೇಕು, ಹೆಸರು ತಿಳಿಯಬೇಕು ಎಂಬ ಶಿಸ್ತು ಬಂದದ್ದು ಅವರಿಂದ. ಶಾಲೆ ಬಿಟ್ಟವರೆಲ್ಲ ಡರೆಲ್ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳಬಯಸುವ ತಂದೆತಾಯಂದಿರು ಈ ಭಾಗವನ್ನು ಮರೆಯದೆ ಓದಿ ಹೇಳಬಹುದು.

1939ರಲ್ಲಿ ಯುದ್ಧ ಬಂತು. ಕುಟುಂಬ ಇಂಗ್ಲೆಂಡಿಗೆ ಮರಳಿತು. ಸೈನ್ಯಕ್ಕೆ ಅನರ್ಹನೆಂದು ವೈದ್ಯರು ಬರೆದುಕೊಟ್ಟರು. ಯಾವ ಪದವಿಯೂ ಇಲ್ಲದ ತರುಣ 1945ರಲ್ಲಿ ವಿಪ್‌ಸ್ನೇಡ್ ಮೃಗಾಲಯ ಸೇರಿದ. ಸಗಣಿ ಬಾಚುವ, ಮೇವು ಹೊರುವ ಕೆಲಸ. ಅಲ್ಲಿ ಅವನು ಪಿಯರ್ ಡೇವಿಡ್ ಜಿಂಕೆಯ ಮರಿಗಳಿಗೆ ಸೀಸೆಯಲ್ಲಿ ಹಾಲುಣಿಸಿದ. ಈ ಜಿಂಕೆಯ ಕಥೆ ಸ್ವಲ್ಪ ವಿಚಿತ್ರ. ಚೀನಾದ ಕಾಡುಗಳಲ್ಲಿ ಎಂದೋ ಮಾಯವಾಗಿ, ಪೀಕಿಂಗಿನ ಬಳಿ ಚಕ್ರವರ್ತಿಯ ಉದ್ಯಾನದಲ್ಲಿ ಮಾತ್ರ ಉಳಿದಿತ್ತು. ಪ್ರವಾಹ, ಹಸಿವು, 1900ರ ದಂಗೆ ಸೇರಿ ಅಲ್ಲಿಯೂ ಮುಗಿದುಹೋಯಿತು. ಅಷ್ಟರಲ್ಲಿ ಯೂರೋಪಿಗೆ ಬಂದಿದ್ದ ಕೆಲವು ಜಿಂಕೆಗಳನ್ನು ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್ ತನ್ನ ಎಸ್ಟೇಟಿನಲ್ಲಿ ಒಟ್ಟುಗೂಡಿಸಿ ಸಾಕಿದ. ಜಗತ್ತಿನಲ್ಲಿ ಉಳಿದ ಸಂತತಿ ಅದೊಂದೇ. 1985ರಲ್ಲಿ ಅದೇ ಸಂತತಿಯ ಜಿಂಕೆಗಳು ಚೀನಾಕ್ಕೆ ಮರಳಿದವು. ಬೋನು ಕೂಡ ಒಂದು ಜೀವಕುಲವನ್ನು ಕಾಪಾಡಬಲ್ಲದು ಎಂಬ ವಿಚಾರ ಡರೆಲ್ ತಲೆಯಲ್ಲಿ ಮೊಳೆತದ್ದು ಆ ಹಾಲಿನ ಸೀಸೆ ಹಿಡಿದಾಗ.

ಇಪ್ಪತ್ತೊಂದು ತುಂಬಿದಾಗ ತಂದೆಯ ಆಸ್ತಿಯಿಂದ 3,000 ಪೌಂಡು ಕೈಸೇರಿತು. ಬೇರೆಯವರಾಗಿದ್ದರೆ ಮನೆ ಕೊಳ್ಳುತ್ತಿದ್ದರು. ಡರೆಲ್ 1947ರ ಕೊನೆಗೆ ಪ್ರಾಣಿ ಹಿಡಿಯಲು ಆಫ್ರಿಕಾದ ಕ್ಯಾಮರೂನ್‌ಗೆ ಹೊರಟರು. ಮತ್ತೆ ಕ್ಯಾಮರೂನ್, ಆಮೇಲೆ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾ. ಮೂರು ಯಾತ್ರೆಗಳಲ್ಲಿ ಹಣ ಕರಗಿತು. ಹಿಡಿದ ಪ್ರಾಣಿಗಳನ್ನು ಆಗ ಮೃಗಾಲಯಗಳಿಗೆ ಮಾರುತ್ತಿದ್ದರು. ಇದು ವ್ಯಾಪಾರವೇ, ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ತಾವು ಮಗುವಿನಂತೆ ಸಾಕಿ ತಂದ ಜೀವಗಳು ಕತ್ತಲೆಯ ಇಕ್ಕಟ್ಟಾದ ಬೋನು ಸೇರುವುದನ್ನು, ಸತ್ತರೆ ಇನ್ನೊಂದನ್ನು ತರಿಸುವುದನ್ನು ಕಂಡು ಅವರ ಮನಸ್ಸು ಕಹಿಯಾಯಿತು. ಪ್ರಾಣಿಗಳನ್ನು ತಮಾಷೆಯ ಪ್ರದರ್ಶನಕ್ಕಲ್ಲದೆ ಅವುಗಳ ಉಳಿವಿಗಾಗಿಯೇ ಇಡುವ ತಾಣ ತಮ್ಮದೇ ಆಗಬೇಕು ಎಂದುಕೊಂಡರು.

ಹಣ? 1951ರಲ್ಲಿ ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿಗೆ ಬಾಡಿಗೆ ಕೊಡುವುದೇ ಕಷ್ಟವಿತ್ತು. ಹೆಂಡತಿ ಜಾಕಿ ಬೆನ್ನು ಹತ್ತಿ ಬರೆಸಿದರು. ಕೂದಲಿರುವ ಕಪ್ಪೆಯೊಂದರ ಬಗ್ಗೆ ಬಿಬಿಸಿ ರೇಡಿಯೋದಲ್ಲಿ ಮಾಡಿದ ಭಾಷಣ ಜನಕ್ಕೆ ಹಿಡಿಸಿತು. 1953ರಲ್ಲಿ ಮೊದಲ ಪುಸ್ತಕ ಬಂತು. ಕಾರ್ಫುವಿನ ಬಾಲ್ಯ ಕುರಿತ 'ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್' 1956ರಲ್ಲಿ ಹೊರಬಿದ್ದು ಜಗತ್ತನ್ನೇ ನಗಿಸಿತು. ಕುತೂಹಲವೆಂದರೆ ಡರೆಲ್‌ಗೆ ಬರೆಯುವುದು ಇಷ್ಟವಿರಲಿಲ್ಲ. ಪ್ರಾಣಿಗಳ ಹೊಟ್ಟೆ ತುಂಬಿಸಲು ಅವರು ಬರೆದರು. ಅಷ್ಟಾದರೂ ಆ ಪುಸ್ತಕಗಳಲ್ಲಿ ಒಂದು ಸಾಲೂ ಬೇಸರದಿಂದ ಬರೆದಂತೆ ಕಾಣುವುದಿಲ್ಲ.

1957ರಲ್ಲಿ ಮೂರನೆಯ ಸಲ ಕ್ಯಾಮರೂನ್‌ಗೆ ಹೋಗಿ ಬಂದಾಗ ಪ್ರಾಣಿಗಳಿದ್ದವು, ಇಡಲು ಜಾಗವಿರಲಿಲ್ಲ. ಬೋರ್ನ್‌ಮತ್ ಊರಿನಲ್ಲಿದ್ದ ಅಕ್ಕ ಮಾರ್ಗರೆಟ್‌ಳ ಮನೆಯ ಹಿತ್ತಲೇ ಮೃಗಾಲಯವಾಯಿತು. ನೆರೆಹೊರೆಯವರ ಪಾಡು ಊಹಿಸಿಕೊಳ್ಳಬಹುದು! ಊರಿನ ಪುರಸಭೆ ಒಪ್ಪಲಿಲ್ಲ. ಕೊನೆಗೆ ಜೆರ್ಸಿಯಲ್ಲಿ ಹಳೆಯ ಜಹಗೀರು ಬಂಗಲೆಯೊಂದು ಬಾಡಿಗೆಗೆ ಸಿಕ್ಕಿತು. ಪ್ರಕಾಶಕ ರೂಪರ್ಟ್ ಹಾರ್ಟ್-ಡೇವಿಸ್ ಸಾಲಕ್ಕೆ ಜಾಮೀನು ನಿಂತರು. 1959ರ ಮಾರ್ಚ್‌ನಲ್ಲಿ ಮೃಗಾಲಯ ತೆರೆಯಿತು. ಸಾಲ ತೀರಿಸುವ ಹೊಣೆಯನ್ನು ಡರೆಲ್ ತಮ್ಮ ಪುಸ್ತಕಗಳ ಮೇಲೆ ಹಾಕಿಕೊಂಡರು. 1963ರಲ್ಲಿ ಮೃಗಾಲಯವನ್ನೇ ಒಂದು ಟ್ರಸ್ಟಿಗೆ ಒಪ್ಪಿಸಿದರು. ಕೈಯಾರೆ ಕಟ್ಟಿದ್ದರ ಒಡೆತನ ಬಿಟ್ಟುಕೊಡುವುದು ಸುಲಭದ ಮಾತಲ್ಲ.

ಆಗಿನ ದಿನಗಳಲ್ಲಿ ಈ ವಿಚಾರವನ್ನು ಹುಚ್ಚು ಎಂದವರೇ ಹೆಚ್ಚು. ಬೋನಿನಲ್ಲಿ ಬೆಳೆದದ್ದು ಕಾಡಿನಲ್ಲಿ ಬದುಕೀತೇ? ಕಾಡೇ ಉಳಿಯದಿದ್ದರೆ ಮರಿ ಹುಟ್ಟಿಸಿ ಏನು ಪ್ರಯೋಜನ? ಪ್ರಶ್ನೆಗಳು ಸುಳ್ಳಲ್ಲ, ಇಂದಿಗೂ ಅವು ಇವೆ. ಡರೆಲ್ ಕೂಡ ಬೋನೇ ಪರಿಹಾರ ಎನ್ನಲಿಲ್ಲ. ಅದು ಮುಳುಗುವವನಿಗೆ ಎಸೆಯುವ ಹಗ್ಗದಂತೆ, ಹಗ್ಗದಲ್ಲೇ ಸಂಸಾರ ಹೂಡಲಾಗದು ಎಂಬುದು ಅವರಿಗೂ ಗೊತ್ತಿತ್ತು. ಹಾಗಾಗಿಯೇ ಮುಂದಿನ ಕೆಲಸ ಜೆರ್ಸಿಯಾಚೆಗೆ ಹೋಯಿತು. ಹೋದದ್ದು, ಸಹಜವಾಗಿ, ಡೋಡೋವಿನ ನಾಡಿಗೆ.

1976ರಲ್ಲಿ ಡರೆಲ್ ಮಾರಿಷಸ್‌ಗೆ ಬಂದಾಗ ಅಲ್ಲಿ ಹಕ್ಕಿಗಳು ಒಂದೊಂದಾಗಿ ಡೋಡೋ ಹಾದಿ ಹಿಡಿದಿದ್ದವು. ಮಾರಿಷಸ್ ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗ 1974ರಲ್ಲಿ ಎಣಿಸಿದಾಗ ಕಂಡದ್ದು ನಾಲ್ಕೇ ನಾಲ್ಕು. ಕಾಡು ಕಡಿದದ್ದು, ಮಲೇರಿಯಾ ಸೊಳ್ಳೆಗೆಂದು ಸಿಂಪಡಿಸಿದ ಡಿಡಿಟಿ, ಹೊರಗಿನಿಂದ ಬಂದ ಮುಂಗುಸಿ, ಕೋತಿ, ಎಲ್ಲವೂ ಸೇರಿ ಮುಗಿಸಿದ್ದವು. ಇದರ ಮೇಲೆ ಹಣ ಸುರಿಯುವುದು ದಂಡ ಎಂದ ತಜ್ಞರಿದ್ದರು. 1979ರಲ್ಲಿ ಕಾರ್ಲ್ ಜೋನ್ಸ್ ಎಂಬ ವೇಲ್ಸ್‌ನ ತರುಣನನ್ನು ಬೇರೊಂದು ಸಂಸ್ಥೆ ಕಳಿಸಿದ್ದು ಯೋಜನೆಯನ್ನು ಮುಚ್ಚುವ ಸಲುವಾಗಿ. ಅವರು ಮುಚ್ಚಲಿಲ್ಲ. ಗೂಡಿನಿಂದ ಮೊದಲ ಮೊಟ್ಟೆಗಳನ್ನು ಎತ್ತಿಕೊಂಡರೆ ತಾಯಿ ಮತ್ತೆ ಮೊಟ್ಟೆಯಿಡುತ್ತದೆ. ಎತ್ತಿಕೊಂಡವನ್ನು ಕಾವುಪೆಟ್ಟಿಗೆಯಲ್ಲಿ ಮರಿಮಾಡಿ, ಸಾಕಿ, ಹಾರಲು ಬಿಡಬಹುದು. ಕೇಳಲು ಕೋಳಿ ಸಾಕಣೆಯಷ್ಟೇ ಸರಳ. ಆದರೆ ಜಗತ್ತಿನ ಕೊನೆಯ ಮೊಟ್ಟೆಗಳನ್ನು ಕೈಗೆತ್ತಿಕೊಳ್ಳುವವನ ಎದೆ ಗಟ್ಟಿಯಿರಬೇಕು. ಡರೆಲ್‌ರ ಟ್ರಸ್ಟು ಅವರ ಬೆನ್ನಿಗೆ ನಿಂತಿತು. ಹತ್ತು ಹದಿನೈದು ವರ್ಷಗಳಲ್ಲಿ 300ಕ್ಕೂ ಹೆಚ್ಚು ಗಿಡುಗಗಳನ್ನು ಕಾಡಿಗೆ ಬಿಡಲಾಯಿತು. ಇಂದು ಅದು ಅಪಾಯದಿಂದ ಪೂರ್ತಿ ಪಾರಾಗಿಲ್ಲ, ಆದರೆ ಇದೆ. 1990ರ ಹೊತ್ತಿಗೆ ಕಾಡಿನಲ್ಲಿ ಹತ್ತರಷ್ಟೇ ಉಳಿದಿದ್ದ ಗುಲಾಬಿ ಪಾರಿವಾಳ ಈಗ ನೂರಾರಿದೆ.

ಜೆರ್ಸಿಯಲ್ಲಿ ತರಬೇತಿ ಪಡೆಯಲು 1977ರಲ್ಲಿ ಮೊದಲು ಬಂದವರು ಮಾರಿಷಸ್ಸಿನವರೇ ಆದ ಯೂಸುಫ್ ಮುಂಗ್ರೂ. ಮುಂದೆ ಅವರು ತಮ್ಮ ದೇಶದ ಮೊದಲ ರಾಷ್ಟ್ರೀಯ ಉದ್ಯಾನದ ನಿರ್ದೇಶಕರಾದರು. ಅಲ್ಲಿಂದೀಚೆಗೆ ನೂರಕ್ಕೂ ಹೆಚ್ಚು ದೇಶಗಳ ಸಾವಿರಾರು ಜನ ಡರೆಲ್‌ರ ಟ್ರಸ್ಟಿನಲ್ಲಿ ಕಲಿತಿದ್ದಾರೆ. ಬಿಳಿಯ ದೊರೆ ಬಂದು ಕಾಡು ಉಳಿಸಿ ಹೋಗುವುದಲ್ಲ, ಆಯಾ ನೆಲದವರ ಕೈಗೆ ವಿದ್ಯೆ ಕೊಡುವುದು ಮುಖ್ಯ ಎಂಬ ಈ ತಿಳಿವಳಿಕೆ ಗಿಡುಗಕ್ಕಿಂತ ದೊಡ್ಡ ಸಾಧನೆ.

ಸಾಮಾನ್ಯ ಜನ ಜೆರ್ಸಿಯ ಹೆಸರು ಕೇಳಿದ್ದು ಬೇರೆ ಕಾರಣಕ್ಕೆ. 1986ರ ಆಗಸ್ಟ್ 31ರಂದು ಐದು ವರ್ಷದ ಬಾಲಕನೊಬ್ಬ ಗೊರಿಲ್ಲಾಗಳ ಆವರಣದೊಳಗೆ ಬಿದ್ದು ಎಚ್ಚರ ತಪ್ಪಿದ. ಮೇಲೆ ನಿಂತವರು ಚೀರಾಡುತ್ತಿರಲು ಜಾಂಬೋ ಎಂಬ ಭಾರೀ ಗಂಡು ಗೊರಿಲ್ಲಾ ಹುಡುಗನ ಬಳಿ ಬಂದು, ಉಳಿದ ಗೊರಿಲ್ಲಾಗಳಿಗೂ ಅವನಿಗೂ ನಡುವೆ ನಿಂತು, ಅವನ ಬೆನ್ನು ಮೃದುವಾಗಿ ಸವರಿತು. ಯಾರೋ ತೆಗೆದ ವಿಡಿಯೋ ಜಗತ್ತಿನ ಟಿವಿಗಳಲ್ಲೆಲ್ಲ ಓಡಿತು. ಹುಡುಗ ಬದುಕಿದ. ಗೊರಿಲ್ಲಾ ಎಂದರೆ ರಾಕ್ಷಸ ಎಂದು ಸಿನಿಮಾಗಳು ದಶಕಗಳ ಕಾಲ ಕಲಿಸಿದ್ದನ್ನು ಆ ಕೆಲವು ನಿಮಿಷಗಳು ಅಳಿಸಿಹಾಕಿದವು.

ಡರೆಲ್ ಋಷಿಯೇನಲ್ಲ. ಕುಡಿತ ಅತಿಯಾಗಿತ್ತು, ಮೊದಲ ದಾಂಪತ್ಯ 1979ರಲ್ಲಿ ಮುರಿದುಬಿತ್ತು. ಅದೇ ವರ್ಷ ಪ್ರಾಣಿಶಾಸ್ತ್ರಜ್ಞೆ ಲೀ ಮೆಕ್‌ಜಾರ್ಜ್ ಅವರನ್ನು ಮದುವೆಯಾದರು. ಟ್ರಸ್ಟನ್ನು ಮುಂದೆ ನಡೆಸಿಕೊಂಡು ಬಂದವರು ಆಕೆ. ಯಕೃತ್ತಿನ ಕಸಿಯಾದ ಮೇಲೆ ಚೇತರಿಸಿಕೊಳ್ಳದೆ ಡರೆಲ್ 1995ರ ಜನವರಿ 30ರಂದು ತೀರಿಕೊಂಡರು.

ಅದೇ ವರ್ಷ ಅವರು ಹುಟ್ಟಿದ ದೇಶದಲ್ಲಿ ಅವರ ಟ್ರಸ್ಟಿನ ಇನ್ನೊಂದು ಕೆಲಸ ಶುರುವಾಯಿತು. ಅಸ್ಸಾಮಿನ ಎತ್ತರದ ಹುಲ್ಲುಗಾವಲುಗಳಲ್ಲಿ ಕುಳ್ಳಹಂದಿ ಎಂಬ ಪ್ರಾಣಿಯಿದೆ. ಎತ್ತರ ಒಂದು ಅಡಿಗೂ ಕಡಿಮೆ, ತೂಕ ಹತ್ತು ಕಿಲೋದೊಳಗೆ. ನಿರ್ನಾಮವಾಯಿತೆಂದೇ ತಿಳಿದಿದ್ದ ಇದು 1971ರಲ್ಲಿ ಮತ್ತೆ ಕಾಣಿಸಿತು. ಒಣಹುಲ್ಲಿಗೆ ಪ್ರತಿವರ್ಷ ಹಚ್ಚುವ ಬೆಂಕಿ ಅದರ ಮುಖ್ಯ ಶತ್ರು. 1996ರಲ್ಲಿ ಮಾನಸ್ ಅರಣ್ಯದಿಂದ ಆರು ಹಂದಿಗಳನ್ನು ಹಿಡಿದು ಗುವಾಹಟಿಯ ಬಸಿಷ್ಠದಲ್ಲಿ ಸಾಕಲಾಯಿತು. ಅಸ್ಸಾಂ ಅರಣ್ಯ ಇಲಾಖೆ, ಕೇಂದ್ರ ಸರ್ಕಾರ, ಡರೆಲ್ ಟ್ರಸ್ಟು ಕೂಡಿ ನಡೆಸಿದ ಕೆಲಸ. ಆರು ಹಂದಿಗಳ ಸಂತತಿ ಬೆಳೆದು 2008ರಲ್ಲಿ ಮೊದಲ ತಂಡವನ್ನು ಸೋನಾಯ್ ರೂಪಾಯ್ ಅಭಯಾರಣ್ಯದ ಹುಲ್ಲಿಗೆ ಬಿಟ್ಟರು. ಆಮೇಲೆ ಓರಾಂಗ್, ಬರ್ನಾಡಿ. 2020ರಲ್ಲಿ ಅವು ಮಾನಸ್‌ಗೇ ಮರಳಿದವು. ಈ ಹಂದಿಯ ಮೈಮೇಲೆ ಮಾತ್ರ ಬದುಕುವ ಹೇನೊಂದಿದೆ, ಬೇರೆಲ್ಲೂ ಅದಕ್ಕೆ ನೆಲೆಯಿಲ್ಲ. ಹಂದಿಯ ಜೊತೆ ಅದೂ ಸದ್ದಿಲ್ಲದೆ ಉಳಿದುಕೊಂಡಿದೆ. ಈಶಾನ್ಯದ ಸಾಕುಹಂದಿಗಳಿಗೆ 2020ರಿಂದ ತಗುಲಿರುವ ಆಫ್ರಿಕನ್ ಹಂದಿಜ್ವರ ಕುಳ್ಳಹಂದಿಗೆ ಈಗಿನ ಹೊಸ ಭಯ.