ಕಲ್ಪವೃಕ್ಷ ಬತ್ತುವ ಮುನ್ನ

ಆದಿಪುರಾಣವನ್ನು ಭಕ್ತಿಯಿಂದ ಕೇಳುವ ನಾವು ಅದರ ಆರಂಭದ ಒಂದು ಪ್ರಸಂಗವನ್ನು ಮಾತ್ರ ಕಥೆಯೆಂದು ಕೇಳಿ ಮರೆತುಬಿಡುತ್ತೇವೆ. ಭೋಗಭೂಮಿಯ ಕಾಲ ಮುಗಿಯುತ್ತ ಬಂದಿತ್ತು. ಬೆಳಕು ಕೊಡುತ್ತಿದ್ದ ಜ್ಯೋತಿರಂಗ ವೃಕ್ಷಗಳು ಮಂಕಾದವು. ಅದುವರೆಗೆ ಆ ಪ್ರಭೆಯಲ್ಲಿ ಮರೆಯಾಗಿದ್ದ ಸೂರ್ಯಚಂದ್ರರು ಕಾಣಿಸಿಕೊಂಡಾಗ ಜನ ಹೆದರಿ ಪ್ರತಿಶ್ರುತಿಯೆಂಬ ಮೊದಲ ಕುಲಕರನ ಬಳಿಗೆ ಓಡಿಬಂದರು. ಅವನು ಅವರಿಗೆ ಮಂತ್ರ ಹೇಳಿಕೊಡಲಿಲ್ಲ, ಶಾಂತಿ ಮಾಡಿಸಲಿಲ್ಲ. ನಡೆಯುತ್ತಿರುವ ಬದಲಾವಣೆ ಏನು, ಅದರ ಕಾರಣವೇನು ಎಂಬುದನ್ನು ತಿಳಿಸಿ ಹೇಳಿದನು. ಮುಂದೆ ಕಲ್ಪವೃಕ್ಷಗಳು ವಿರಳವಾಗಿ ಜನರಲ್ಲಿ ಜಗಳ ಹುಟ್ಟಿದಾಗ ಸೀಮಂಕರನು ಯಾರಿಗೆ ಎಷ್ಟು ಎಂದು ಮೇರೆ ಹಾಕಿದನು. ಕೊನೆಯ ಕುಲಕರನಾದ ನಾಭಿರಾಜನು, ತಾನಾಗಿ ಬೆಳೆದ ಧಾನ್ಯವನ್ನು ತಿಂದು ಬದುಕುವ ಬಗೆಯನ್ನು ಕಲಿಸಿದನು. ಅವನ ಮಗನಾದ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು.

ಈ ಕಥೆಯನ್ನು ಸಂಸ್ಕೃತದಲ್ಲಿ ವಿಸ್ತರಿಸಿ ಬರೆದ ಜಿನಸೇನಾಚಾರ್ಯರು ಮಾನ್ಯಖೇಟದ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಗೆ ಗುರುಗಳು. ಆ ಮಾನ್ಯಖೇಟವೇ ಇಂದು ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಡದಲ್ಲಿ ಹಾಳು ಕೋಟೆಯೂ ನೇಮಿನಾಥ ಬಸದಿಯೂ ಈಗಲೂ ಇವೆ. ಹಾಗೆಯೇ ಅಲ್ಲಿ ಸಿಮೆಂಟಿನ ಕಾರ್ಖಾನೆಯೂ ಇದೆ. ಕಲ್ಪವೃಕ್ಷ ಬತ್ತಿದ ಕಥೆಯನ್ನು ಹೇಳಿದ ಆಚಾರ್ಯರ ಶಿಷ್ಯನು ಆಳಿದ ನೆಲದಲ್ಲಿ ನಿಂತು, ನಮ್ಮ ಕಾಲದ ಕಲ್ಪವೃಕ್ಷ ಯಾವುದು, ಅದು ಬತ್ತಿದಾಗ ನಮ್ಮ ಮಕ್ಕಳಿಗೆ ದಾರಿ ಹೇಳುವವರು ಯಾರು ಎಂದು ಕೇಳಿಕೊಳ್ಳುವುದು ನನ್ನ ಉದ್ದೇಶ. ಉತ್ತರ ಹಿತವಾಗಿಲ್ಲವಾದ್ದರಿಂದ ಮಾತು ಕೊಂಚ ಕಟುವಾಗಬಹುದು. ವಾಚಕರು ಮನ್ನಿಸಬೇಕು.

ಈ ಸೀಮೆಯ ಕಲ್ಪವೃಕ್ಷ ಸುಣ್ಣಕಲ್ಲು. ಶಹಾಬಾದಿನ ಹೆಸರು ದೇಶದ ಮನೆಮನೆಯ ನೆಲದ ಮೇಲಿದೆ. ವಾಡಿಯೆಂದರೆ ಹೊರಗಿನವರಿಗೆ ರೈಲಿನ ಜಂಕ್ಷನ್ ಮತ್ತು ಸಿಮೆಂಟು, ಇವೆರಡೇ. 1980ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಅನಂತರ ಚಿತ್ತಾಪುರ, ಚಿಂಚೋಳಿ ತಾಲೂಕುಗಳಿಗೂ ಅವು ಹಬ್ಬಿದವು. ಒಂದು ಟನ್ ಕ್ಲಿಂಕರ್ ಆಗಬೇಕಾದರೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಶುದ್ಧ ಸುಣ್ಣಕಲ್ಲನ್ನು ಸುಟ್ಟಾಗ ಅದರ ತೂಕದ ನೂರಕ್ಕೆ 44 ಭಾಗ ಇಂಗಾಲಾಮ್ಲ ಅನಿಲವಾಗಿ ಆಕಾಶ ಸೇರುತ್ತದೆ. ಹೋದ ಕಲ್ಲು ಮತ್ತೆ ಬೆಳೆಯುವುದಿಲ್ಲ. ತೊಗರಿ ಕೊಯ್ದ ಹೊಲದಲ್ಲಿ ಮುಂದಿನ ವರ್ಷ ಮತ್ತೆ ತೊಗರಿ ಬರುತ್ತದೆ. ಕಲ್ಲು ಕೊಯ್ದ ಹೊಲದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಅಷ್ಟೆ.

ಆದರೂ ಈ ಕಾರ್ಖಾನೆಗಳನ್ನು ಬೈಯಲು ನಾನು ಲೇಖನಿ ಹಿಡಿದಿಲ್ಲ. ಬರದ ನಾಡಿನಲ್ಲಿ ಅವು ಸಾವಿರಾರು ಮನೆಗಳ ಒಲೆ ಉರಿಸಿವೆ. ನಮ್ಮ ಮನೆಗಳೂ, ಜೀರ್ಣೋದ್ಧಾರಗೊಂಡ ನಮ್ಮ ಬಸದಿಗಳೂ ಅದೇ ಸಿಮೆಂಟಿನವು. ನನ್ನ ಆಕ್ಷೇಪ ಬೇರೆಯದು. ಎಪ್ಪತ್ತು, ಎಂಬತ್ತು ವರ್ಷಗಳಿಂದ ನೆಲ ಅಗೆದು ಉಂಡವರು ಮುಂದಿನ ಎಪ್ಪತ್ತು ವರ್ಷಗಳ ವಿಚಾರವನ್ನು ಒಂದು ಸಭೆಯಲ್ಲಾದರೂ ಕುಳಿತು ಮಾಡಿದ್ದೇವೆಯೇ?

ಹೀಗೆ ವಿಚಾರ ಮಾಡುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರಿದ್ದಾರೆ. ಅಮೆರಿಕದ ಹವಾಯಿ ದ್ವೀಪಗಳಲ್ಲಿ 1970ರಲ್ಲಿ ಸರ್ಕಾರವೇ ಮುಂದಾಗಿ, ಎರಡು ಸಾವಿರದ ಇಸವಿಯ ಹೊತ್ತಿಗೆ ನಮ್ಮ ನಾಡು ಹೇಗಿರಬೇಕೆಂದು ಚರ್ಚಿಸಲು ಸಾಮಾನ್ಯ ನಾಗರಿಕರನ್ನೂ ಸೇರಿಸಿ ಒಂದು ಸಮ್ಮೇಳನ ನಡೆಸಿತು. ಮರುವರ್ಷ, 1971ರಲ್ಲಿ, ಅಲ್ಲಿನ ಶಾಸನಸಭೆಯು ಹವಾಯಿ ವಿಶ್ವವಿದ್ಯಾಲಯದಲ್ಲಿ ಭವಿಷ್ಯ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿತು. ಪ್ರಾಧ್ಯಾಪಕ ಜಿಮ್ ಡೇಟರ್ ಅದನ್ನು ದಶಕಗಳ ಕಾಲ ನಡೆಸಿದರು. ನಮ್ಮ ನೆರೆಯ ಕೇರಳ ವಿಶ್ವವಿದ್ಯಾಲಯದಲ್ಲಿಯೂ ಭವಿಷ್ಯ ಅಧ್ಯಯನದ ವಿಭಾಗವೊಂದು ಬಹುಕಾಲದಿಂದ ಇದೆ. ಇವರು ಜ್ಯೋತಿಷಿಗಳಲ್ಲ. ಭವಿಷ್ಯವೆಂಬುದು ಇನ್ನೂ ಇಲ್ಲದ ವಸ್ತುವಾದ್ದರಿಂದ ಅದನ್ನು ಅಧ್ಯಯನ ಮಾಡಲಾಗದು, ಅದರ ಬಗ್ಗೆ ಜನರ ಮನಸ್ಸಿನಲ್ಲಿರುವ ಕಲ್ಪನೆಗಳನ್ನು ಮಾತ್ರ ಅಧ್ಯಯನ ಮಾಡಬಹುದು ಎಂಬುದೇ ಡೇಟರ್ ಅವರ ಮೊದಲ ಪಾಠ. ತ್ರಿಕಾಲದ ಸಕಲ ಪರ್ಯಾಯಗಳನ್ನು ಬಲ್ಲವನು ಕೇವಲಿಯೊಬ್ಬನೇ, ಛದ್ಮಸ್ಥರಾದ ನಮಗೆ ಅದು ಸಾಧ್ಯವಿಲ್ಲವೆಂದು ನಂಬಿದ ನಮಗೆ ಈ ವಿನಯ ಅಪರಿಚಿತವಲ್ಲ. ಪಂಚಕಲ್ಯಾಣದ ಮುಹೂರ್ತಕ್ಕೆ ಮೂವರು ಜ್ಯೋತಿಷಿಗಳನ್ನು ಕೇಳುವ ನಮ್ಮ ಮಂಡಳಿಗಳು ಇದನ್ನು ಮನನ ಮಾಡಬೇಕು.

ಆ ಕೇಂದ್ರದ ಕೆಲಸದಲ್ಲಿ ಹೆಚ್ಚು ಪ್ರಸಿದ್ಧವಾದದ್ದು ನಾಲ್ಕು ಭವಿಷ್ಯಗಳ ಕ್ರಮ. ಜನರು ಮುಂದಿನ ಕಾಲವನ್ನು ಊಹಿಸುವ ಬಗೆಗಳನ್ನೆಲ್ಲ ಒಟ್ಟುಗೂಡಿಸಿದರೆ ಅವು ನಾಲ್ಕು ರಾಶಿಗಳಾಗುತ್ತವೆ: ಈಗಿನ ಬೆಳವಣಿಗೆಯೇ ಮುಂದುವರಿಯುವುದು, ಎಲ್ಲವೂ ಕುಸಿದು ಬೀಳುವುದು, ಮೇರೆ ಹಾಕಿಕೊಂಡು ಸಂಯಮದಿಂದ ಬದುಕುವುದು, ಬದುಕಿನ ಬುಡವೇ ಬದಲಾಗುವುದು. ಒಂದನ್ನೇ ಸತ್ಯವೆಂದು ಹಿಡಿಯದೆ ನಾಲ್ಕನ್ನೂ ಎದುರಿಗಿಟ್ಟುಕೊಂಡು ಯೋಚಿಸಬೇಕೆಂಬುದು ಅವರ ವಿಧಾನ. ಇದು ನಮ್ಮ ಅನೇಕಾಂತವೇ ಅಲ್ಲವೇ, ಎಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದೆ ಎಂದು ಹೇಳಿ ಎದೆಯುಬ್ಬಿಸುವವರು ನಮ್ಮಲ್ಲಿ ಬಹಳ ಮಂದಿ. ಇದ್ದರೆ ಸಂತೋಷ. ಆದರೆ ಪೆಟ್ಟಿಗೆಯಲ್ಲಿಟ್ಟ ಔಷಧದಿಂದ ಯಾರ ರೋಗ ವಾಸಿಯಾಯಿತು? ಹವಾಯಿಯವರು ತಮ್ಮ ದ್ವೀಪದ ನೀರು, ನೆಲ, ಉದ್ಯೋಗಗಳನ್ನು ಮುಂದಿಟ್ಟುಕೊಂಡು ಯೋಚಿಸಿದರು. ನಾವು ಅನೇಕಾಂತದ ಮೇಲೆ ಭಾಷಣ ಏರ್ಪಡಿಸಿ, ಶಾಲು ಹೊದಿಸಿ, ಊಟ ಮಾಡಿ ಮನೆಗೆ ಹೋದೆವು.

ಆ ನಾಲ್ಕನ್ನು ನಮ್ಮ ಐದು ಊರುಗಳಿಗೆ ಅನ್ವಯಿಸಿ ನೋಡೋಣ. ಮೊದಲನೆಯದು ಕಣ್ಣೆದುರಿಗೇ ಇದೆ: ಇನ್ನಷ್ಟು ಗೂಡುಗಳು, ಇನ್ನಷ್ಟು ಖಣಿಗಳು. ಸರ್ಕಾರದ ಕಡತಗಳೂ ನಮ್ಮ ತರುಣರ ಕನಸುಗಳೂ ಇದೊಂದನ್ನೇ ಬಲ್ಲವು. ಇಷ್ಟೆಲ್ಲ ಬೆಳವಣಿಗೆಯ ನಡುವೆಯೂ, 2002ರಲ್ಲಿ ನಂಜುಂಡಪ್ಪ ಸಮಿತಿಯು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ ಆಗಿದ್ದವು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬೇಕಾಯಿತು. ಕಲ್ಲು ಹೊರಗೆ ಹೋದಷ್ಟು ವೇಗದಲ್ಲಿ ವಿದ್ಯೆ ಒಳಗೆ ಬರಲಿಲ್ಲ.

ಎರಡನೆಯದು ಕುಸಿತ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಶಹಾಬಾದಿನ ಹಳೆಯ ಸಿಮೆಂಟು ಕಾರ್ಖಾನೆ ಒಂದು ಕಾಲದಲ್ಲಿ ಆ ಊರಿನ ಉಸಿರಾಗಿತ್ತು. ಅದು ನಿಂತುಹೋಯಿತು, ಊರು ಅದರೊಂದಿಗೆ ಬಡವಾಯಿತು. ಇನ್ನೂ ಹಿಂದಕ್ಕೆ ಹೋದರೆ ಮಳಖೇಡವೇ ಸಾಕ್ಷಿ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ಅಮೋಘವರ್ಷನನ್ನು ಸ್ತುತಿಸುತ್ತದೆ. ಪುಷ್ಪದಂತ ಕವಿ ತನ್ನ ಅಪಭ್ರಂಶ ಮಹಾಪುರಾಣವನ್ನು 965ರಲ್ಲಿ ಅಲ್ಲಿಯೇ ಮುಗಿಸಿದನು. ಏಳು ವರ್ಷ ಕಳೆಯುವಷ್ಟರಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕನ ಸೈನ್ಯ ಆ ರಾಜಧಾನಿಯನ್ನು ಕೊಳ್ಳೆ ಹೊಡೆಯಿತು. ಮಹಾಪುರಾಣ ಮುಗಿದ ದಿನ ಅಲ್ಲಿನ ಶ್ರೇಷ್ಠಿಗಳಿಗೆ ಏಳು ವರ್ಷಗಳ ಮುಂದಿನದು ಕಂಡಿತ್ತೇ? ವೈಭವದ ನಡುವೆ ಕುಳಿತವರಿಗೆ ಅದು ಕಾಣುವುದಿಲ್ಲ. ನಮಗೂ ಕಾಣುತ್ತಿಲ್ಲ.

ಮೂರನೆಯದು ಸಂಯಮ, ಅಂದರೆ ಸೀಮಂಕರನ ದಾರಿ. ಇಲ್ಲಿ ಮಾತನಾಡುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಪರಿಗ್ರಹ ಪರಿಮಾಣ ವ್ರತವನ್ನು ಕಲಿಸುವ ಸಮಾಜಕ್ಕೆ ಇರಬೇಕಿತ್ತು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ರತ್ನಕರಂಡಕ ಶ್ರಾವಕಾಚಾರ ಸ್ಪಷ್ಟವಾಗಿ ಹೇಳುತ್ತದೆ. ಪೃಥ್ವೀಕಾಯಿಕ ಜೀವಗಳಿಗೂ ನೋವುಂಟೆಂದು ನಂಬುವವರು ನಾವು. ನಮ್ಮ ನಡತೆ ನೋಡಿ. ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ವಿಶ್ವಸ್ಥ ಮಂಡಳಿಯ ಸಭೆಯಲ್ಲಿ ನಾನಿದ್ದೆ. ಪ್ರಾಂಗಣದ ಹಳೆಯ ಪರಸಿ ಕಲ್ಲುಗಳು ಗಟ್ಟಿಯಾಗಿದ್ದವು. ಒಂದೂ ಸೀಳಿರಲಿಲ್ಲ. ಅವನ್ನು ಕಿತ್ತು ಹೊಳೆಯುವ ಕಲ್ಲು ಹಾಸಬೇಕೆಂದು ನಿರ್ಣಯವಾಯಿತು. ಏಕೆಂದು ಕೇಳಿದೆ. ‘ಈಗ ಎಲ್ಲ ಕಡೆ ಹಾಗೇ ಮಾಡಿಸ್ತಾರ್ರೀ’ ಎಂಬ ಉತ್ತರ ಬಂತು. ಇಪ್ಪತ್ತು ವರ್ಷಗಳ ಮೇಲೆ ಈ ಊರಿನಲ್ಲಿ ಅಭಿಷೇಕ ಮಾಡಲು ನಮ್ಮ ಎಷ್ಟು ಮನೆಗಳು ಉಳಿದಿರುತ್ತವೆ ಎಂದೂ ಕೇಳಿದೆ. ಅದಕ್ಕೆ ಯಾರೂ ಉತ್ತರಿಸಲಿಲ್ಲ. ಕಿತ್ತ ಕಲ್ಲುಗಳ ರಾಶಿ ಬಹಳ ದಿನ ಬಸದಿಯ ಹಿಂದೆ ಬಿದ್ದಿತ್ತು. ಆ ಸಭೆಯಲ್ಲಿ ನಾನೂ ಕೊನೆಗೆ ಸಹಿ ಹಾಕಿದೆ ಎಂಬುದನ್ನು ಮುಚ್ಚಿಡಲಾರೆ.

ನಾಲ್ಕನೆಯದಾದ ಪರಿವರ್ತನೆಯನ್ನು ವರ್ಣಿಸುವುದು ಕಷ್ಟ. ಸಿಮೆಂಟನ್ನೇ ಬೇರೆ ರೀತಿಯಲ್ಲಿ ಮಾಡುವ ಕಾಲ ಬರಬಹುದು. ಜಗತ್ತಿನ ಇಂಗಾಲಾಮ್ಲದ ನೂರಕ್ಕೆ 7ರಿಂದ 8 ಭಾಗ ಈ ಉದ್ಯಮದಿಂದಲೇ ಹೊರಡುತ್ತಿರುವಾಗ ಆ ಒತ್ತಡ ಹೆಚ್ಚದೆ ಇರದು. ಆಗ ಈ ಸೀಮೆಯವರ ಕೈಯಲ್ಲಿ ಏನಿರುತ್ತದೆ? 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಇದೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡು ಇದೆ. ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೇಡಂ, ಆಡಕಿ, ಮಳಖೇಡಗಳ ಜೈನ ಶಾಸನಗಳನ್ನು ಬೆಳಕಿಗೆ ತಂದರು. ಆ ಇತಿಹಾಸವೂ ಇದೆ. ಇವುಗಳ ಮೇಲೆ ಬದುಕು ಕಟ್ಟುವ ವಿದ್ಯೆಯನ್ನು ಈಗಲೇ ಕಲಿಸದಿದ್ದರೆ ಅಂದು ಕಲಿಸುವವರು ಇರುವುದಿಲ್ಲ.

ಇದೆಲ್ಲ ಪಂಚಮಕಾಲದ ಪ್ರಭಾವ, ದುಷಮಾ ಕಾಲದ 21,000 ವರ್ಷಗಳಲ್ಲಿ ಇಳಿತವೇ ನಿಯಮ, ನಾವೇನು ಮಾಡಬಲ್ಲೆವು ಎನ್ನುವವರಿದ್ದಾರೆ. ಇದು ಧರ್ಮದ ಮಾತಿನ ವೇಷ ಹಾಕಿದ ಆಲಸ್ಯ. ಕಾಲದ್ರವ್ಯವು ಪರಿಣಮನಕ್ಕೆ ನಿಮಿತ್ತ ಮಾತ್ರ. ಅದು ನಮ್ಮ ಕೈಗೆ ಹಾರೆ ಕೊಟ್ಟು ಅಗೆಯೆಂದು ಹೇಳುವುದಿಲ್ಲ. ಕುಲಕರರೂ ಅವಸರ್ಪಿಣಿಯಲ್ಲಿಯೇ ಹುಟ್ಟಿದವರು, ಇಳಿತದ ಕಾಲದವರು. ಕಾಲ ಕೆಟ್ಟಿತೆಂದು ಅವರು ಕೈಕಟ್ಟಿ ಕೂಡಲಿಲ್ಲ. ಇಳಿಯುವ ದಾರಿಯಲ್ಲಿ ಜನ ಬೀಳದಂತೆ ನೋಡಿಕೊಂಡದ್ದೇ ಅವರ ಹಿರಿಮೆ.

ಭವಿಷ್ಯ ಅಧ್ಯಯನದ ಪಂಡಿತರಿಗೂ ಒಂದು ಮಾತು. ಈ ವಿದ್ಯೆಯ ಒಂದು ಕವಲು ಅಮೆರಿಕದ ಸೈನ್ಯದ ಹಣದಿಂದ, ಅಣುಯುದ್ಧದ ಲೆಕ್ಕಾಚಾರದಲ್ಲಿ ಬೆಳೆದದ್ದು. ಇಂದು ದೊಡ್ಡ ಕಂಪನಿಗಳೂ ಇದನ್ನು ತಮ್ಮ ಲಾಭಕ್ಕಾಗಿ ಬಳಸುತ್ತವೆ. ಬೇಕಾದ ಭವಿಷ್ಯವನ್ನು ಆರಿಸಿಕೊಳ್ಳಿರೆಂದು ಇವರು ಹೇಳುತ್ತಾರೆ. ಯಾರಿಗೆ ಬೇಕಾದದ್ದು? ಹಣ ಕೊಟ್ಟವನಿಗೋ, ಖಣಿಯ ಪಕ್ಕದ ಗುಡಿಸಿಲಿನವನಿಗೋ, ಇನ್ನೂ ಹುಟ್ಟದ ಮಗುವಿಗೋ, ಮಾತಿಲ್ಲದ ಏಕೇಂದ್ರಿಯ ಜೀವಕ್ಕೋ? ಈ ಪ್ರಶ್ನೆಯನ್ನು ಅವರ ಮುಂದಿಡುವುದು ಅಹಿಂಸೆಯನ್ನು ಪರಮಧರ್ಮವೆಂದವರ ಕರ್ತವ್ಯ. ನಾವು ಆ ಸಭೆಗೇ ಹೋಗದಿದ್ದರೆ ಅದನ್ನು ಇಡುವವರು ಯಾರು?

ಹೋಗಲು ಕಾಲವೂ ಹೆಚ್ಚಿಲ್ಲ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾಯ್ದೆಯ ಪ್ರಕಾರ, ಸ್ವಂತ ಕಾರ್ಖಾನೆಯ ಬಳಕೆಗೆಂದು ಹಿಂದೆ ಕೊಟ್ಟ ಗುತ್ತಿಗೆಗಳು 2030ರ ಮಾರ್ಚ್ 31ರವರೆಗೆ, ಇಲ್ಲವೆ ಕೊನೆಯ ನವೀಕರಣದ ಅವಧಿ ಮುಗಿಯುವವರೆಗೆ, ಇಲ್ಲವೆ 50 ವರ್ಷ ತುಂಬುವವರೆಗೆ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ನಡೆಯುತ್ತವೆ. ಅದೇ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಜಧನದ ಮೇಲೆ ಒಂದು ಪಾಲು ಸಂದಾಯವಾಗುತ್ತದೆ. ಹಳೆಯ ಗುತ್ತಿಗೆಗಳಿಂದ ಅದು ರಾಜಧನದ ನೂರಕ್ಕೆ 30 ಭಾಗ. ಗಣಿಬಾಧಿತ ಊರುಗಳ ನೀರು, ಆರೋಗ್ಯ, ಶಿಕ್ಷಣಗಳಿಗೆ ಮೀಸಲಾದ ಆ ಹಣದ ಬಗ್ಗೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿದ ನಮ್ಮ ಸಮಾಜ ಬಾಂಧವರು ಎಷ್ಟು ಜನ?

ಆದ್ದರಿಂದ ಬಸದಿಗಳ ವಿಶ್ವಸ್ಥ ಮಂಡಳಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಮೊದಲನೆಯದು, ಪ್ರತಿ ಚಾತುರ್ಮಾಸದಲ್ಲಿ ಒಂದು ದಿನವನ್ನು ಊರಿನ ಮುಂದಿನ ಮೂವತ್ತು ವರ್ಷಗಳ ವಿಚಾರಕ್ಕೆ ಮೀಸಲಿಡಿ. ಅಲ್ಲಿ ಶ್ರಾವಕರಷ್ಟೇ ಅಲ್ಲ, ಖಣಿಯ ಕೂಲಿಕಾರರೂ ರೈತರೂ ಮಹಿಳೆಯರೂ ಮಾತನಾಡಲಿ. ಎರಡನೆಯದು, ಊರಿನ ಬಾವಿಗಳ ಆಳ, ಬಿಟ್ಟುಹೋದ ಖಣಿಗಳು, ಊರು ಬಿಟ್ಟ ಮಕ್ಕಳು, ಇವುಗಳ ಒಂದು ದಾಖಲೆ ಪುಸ್ತಕವನ್ನು ಬಸದಿಯ ಲೆಕ್ಕದ ಪುಸ್ತಕದೊಡನೆ ವರ್ಷವರ್ಷವೂ ಬರೆಯಿಸಿ. ಮೂರನೆಯದು, ಸವೆಯದ ಕಲ್ಲನ್ನು ಕೀಳುವುದಿಲ್ಲವೆಂಬ ನಿಯಮವನ್ನು ಮಂಡಳಿಯಾಗಿ ಸ್ವೀಕರಿಸಿ. ನಾಲ್ಕನೆಯದು, 1980ರಲ್ಲಿ ಆರಂಭವಾದ ಗುಲ್ಬರ್ಗಾ ವಿಶ್ವವಿದ್ಯಾಲಯವನ್ನೂ 2009ರಲ್ಲಿ ಸ್ಥಾಪನೆಯಾದ, ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯವನ್ನೂ ಕಂಡು, ಈ ಸುಣ್ಣಕಲ್ಲಿನ ಸೀಮೆಯ ಭವಿಷ್ಯವನ್ನು ಅಭ್ಯಾಸ ಮಾಡುವ ಒಬ್ಬ ವಿದ್ಯಾರ್ಥಿಗಾದರೂ ವೇತನ ಕೊಡುವ ವ್ಯವಸ್ಥೆ ಮಾಡಿ. ಒಂದು ಪಂಚಕಲ್ಯಾಣದ ಪೆಂಡಾಲಿನ ಖರ್ಚಿನಲ್ಲಿ ಇದು ಹಲವು ವರ್ಷ ನಡೆದೀತು.

ನಮ್ಮ ಪೂರ್ವಿಕರು ಬಸದಿಗೆ ಭೂಮಿ ಬಿಟ್ಟಾಗ ಸೂರ್ಯಚಂದ್ರರಿರುವವರೆಗೆ ಈ ದಾನ ನಡೆಯಲೆಂದು ಶಾಸನದಲ್ಲಿ ಬರೆಸಿದರು. ಅಷ್ಟು ದೂರ ನೋಡುವ ಕಣ್ಣು ಅವರಿಗಿತ್ತು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಮುಂದೆ ಹುಟ್ಟುವವರಿಗೆ ನಾವು ಕೊಡಬಹುದಾದದ್ದು ಅಭಯದಾನ. ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಕಲಶ, ಪ್ರಾಂಗಣ, ಭೋಜನಶಾಲೆಗಳ ಜೊತೆಗೆ ಇದನ್ನೂ ಒಂದು ವಿಷಯವಾಗಿ ಸೇರಿಸಬೇಕೆಂದು ಎಲ್ಲ ಮಂಡಳಿಗಳ ಅಧ್ಯಕ್ಷರಲ್ಲಿಯೂ ಸದಸ್ಯರಲ್ಲಿಯೂ ಕೈಮುಗಿದು ಪ್ರಾರ್ಥಿಸುತ್ತೇನೆ.